ತಲೆಯಿಲ್ಲದ ಹೆಂಗಸಿನ ಮುಖಪುಟಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಪದ ಬೇಕಾಗಿದೆ. ನಾಳೆ ಬೆಳಿಗ್ಗೆ 10ಕ್ಕೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕು.

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಇಂಗ್ಲಿಷ್ ಐತಿಹಾಸಿಕ ಕಾದಂಬರಿಗಳ ಪುಟ್ಟ ಪ್ರದರ್ಶನ ಇಡುತ್ತಿದ್ದೇವೆ. ಕಾದಂಬರಿ ಒಂದೇ. ಎಡಕ್ಕೆ ಬ್ರಿಟನ್ನಿನ ಪ್ರತಿ, ಬಲಕ್ಕೆ ಅಮೆರಿಕದ್ದು. ಮಾರಾಟದ ಹಕ್ಕು ಹಂಚುವಾಗ ಭಾರತ ಸಾಮಾನ್ಯವಾಗಿ ಬ್ರಿಟನ್ನಿನ ಪಾಲಿಗೆ ಬೀಳುವುದರಿಂದ ಎಡಗಡೆಯವು ಸುಲಭವಾಗಿ ಸಿಕ್ಕವು. ಬಲಗಡೆಯವನ್ನು ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದೆವು. ಕೆಲವನ್ನು ಅಮೆರಿಕದಿಂದ ರಜೆಗೆ ಬಂದ ನೆಂಟರ ಸೂಟ್‌ಕೇಸಿನಿಂದ ವಸೂಲು ಮಾಡಿದೆವು.

ಫಲಕ ಬರೆಯುವಾಗ ಸಿಕ್ಕಿಹಾಕಿಕೊಂಡೆ. ಹಳೇ ಕಾಲದ ಗೌನು ತೊಟ್ಟ ಹೆಂಗಸು, ಚಿತ್ರ ಗಲ್ಲದ ಹತ್ತಿರ ಕಟ್. ತಲೆಯೇ ಇಲ್ಲ. ಇಂಥವು ಹನ್ನೊಂದು ಇವೆ. ಇದಕ್ಕೆ ಇಂಗ್ಲಿಷಿನಲ್ಲಿ 'ಹೆಡ್‌ಲೆಸ್ ವುಮನ್ ಕವರ್' ಅನ್ನುವ ಹೆಸರೇ ಇದೆ. ನಮ್ಮಲ್ಲಿ? ರಟ್ಟಿನ ಮೇಲೆ ಹೊದಿಸುವ ಬಿಡಿ ಕಾಗದದ 'ಡಸ್ಟ್ ಜಾಕೆಟ್'ಗೆ ಏನು ಹಾಕಲಿ? ಅಮೆರಿಕದವರು ಹೆಸರಿನ ಕೆಳಗೆ 'ಎ ನಾವೆಲ್' ಅಂತ ಅಚ್ಚು ಹಾಕುವುದನ್ನು 'ಒಂದು ಕಾದಂಬರಿ' ಅಂದರೆ ಸರಿಹೋಗುತ್ತದಾ?

*

ಮರು:

'ತಲೆರಹಿತ' ಅಂತ ಮಾತ್ರ ಬರೆಯಬೇಡಿ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ಅರಿಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ಬಿಟ್ಟರೆ ಬೇರೆ ಕಡೆ ಒಪ್ಪಿಲ್ಲ. 'ಶಿರೋರಹಿತ ಸ್ತ್ರೀ ಮುಖಪುಟ' ಅನ್ನಿ. ಜಾಕೆಟ್‌ಗೆ ರಕ್ಷಾಪುಟ.

*

ಮರು:

ಶಿರೋರಹಿತವಂತೆ! ಕಾಲೇಜು ಹುಡುಗರು ಓದುವ ಫಲಕ ಸ್ವಾಮಿ, ತಾಮ್ರಶಾಸನ ಅಲ್ಲ.

*

ಮರು:

ಇಷ್ಟಕ್ಕೆ ಯಾಕೆ ಸಂಸ್ಕೃತದ ಬಾಗಿಲು ತಟ್ಟಬೇಕು? ಕನ್ನಡದಲ್ಲೇ ಪದ ಇದೆ: ಅಟ್ಟೆ. ತಲೆ ಹೋದ ಮೈ ಅಂತ ಅರ್ಥ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಕಳದ ತುಂಬ ಅಟ್ಟೆಗಳು ಕುಣಿಯುತ್ತವೆ. ಕಿಟ್ಟೆಲ್ ಕೋಶ ತೆಗೆದು ನೋಡಿ.

ಮಜಾ ಇನ್ನೂ ಇದೆ. ತಮಿಳಿನಲ್ಲಿ 'ಅಟ್ಟೈ' ಅಂದರೆ ರಟ್ಟು, ಪುಸ್ತಕದ ಹೊದಿಕೆ. ಮುಖಪುಟದ ಚಿತ್ರಕ್ಕೆ ಅವರು 'ಅಟ್ಟೈಪ್ಪಡಂ' ಅನ್ನುತ್ತಾರೆ. ತೆಲುಗಿನಲ್ಲೂ ಪುಸ್ತಕದ ರಟ್ಟಿಗೆ 'ಅಟ್ಟ'. ತಲೆ ಇಲ್ಲದ ಮೈಯೂ ಅಟ್ಟೆ, ಹೊದಿಕೆಯೂ ಅಟ್ಟೆ! ಒಂದೇ ಪದದಲ್ಲಿ ಮೇಡಂ ಕೇಳಿದ ಎರಡೂ ಇವೆ. ಬುಡ ಒಂದೇ ಅಂತ ನನ್ನ ಬಲವಾದ ಅನುಮಾನ.

*

ಮರು:

> ಬುಡ ಒಂದೇ ಅಂತ ನನ್ನ ಬಲವಾದ ಅನುಮಾನ.

ಸದ್ದು ಒಂದೇ ಆದರೆ ಬುಡ ಒಂದೇ ಆಗುತ್ತದಾ ಸಾರ್? ತಮಿಳಿನಲ್ಲಿ ಜಿಗಣೆಯೂ ಅಟ್ಟೈಯೇ. ಅದನ್ನೂ ಸೇರಿಸಿಕೊಳ್ಳುತ್ತೀರಾ? ನಮ್ಮೂರಲ್ಲಿ ಅಟ್ಟೆ ಅಂದರೆ ಚಪ್ಪಲಿಯ ಅಡಿ. 'ಅಟ್ಟೆ ಮುಖಪುಟ' ಅಂತ ಹಾಕಿದರೆ ಜನ ಬಾಟಾ ಅಂಗಡಿ ಅಂದುಕೊಳ್ಳುತ್ತಾರೆ.

*

ಮರು:

'ಮುಂಡ' ಆಗಬಹುದಲ್ಲ? ರುಂಡ ಮುಂಡ ಎಲ್ಲರಿಗೂ ಗೊತ್ತು.

*

ಮರು:

ಚಿತ್ರದಲ್ಲಿರುವುದು ಹೆಂಗಸು. ಫ್ಲೆಕ್ಸ್ ಹುಡುಗ ಒಂದು ಏತ್ವ ಜಾಸ್ತಿ ಒತ್ತಿದರೆ ಏನಾಗುತ್ತದೆ ಅಂತ ಯೋಚಿಸಿ ಬರೆಯಿರಿ.

*

ಮರು:

ಇಲ್ಲಿ ಯಾರಾದರೂ ಆ ಪುಸ್ತಕಗಳನ್ನು ನೋಡಿದ್ದೀರಾ? ನಾನು ಮುಖಪುಟ ಮಾಡಿಯೇ ಹೊಟ್ಟೆ ಹೊರೆಯುವವನು, ಅದಕ್ಕೆ ಕೇಳಿದೆ.

ಆ ಹೆಂಗಸಿನ ತಲೆಯನ್ನು ಯಾರೂ ಕಡಿದಿಲ್ಲ. ತಲೆ ಚೌಕಟ್ಟಿನ ಆಚೆ ಇದೆ, ಅಷ್ಟೆ. ಹಾಗಾಗಿ ಅಟ್ಟೆ, ಮುಂಡ, ಕಬಂಧ ಯಾವುದೂ ಹೊಂದುವುದಿಲ್ಲ. ಅವೆಲ್ಲ ರಕ್ತ ಸುರಿಯುವ ಪದಗಳು. ನಾವು ಕೆಲಸದಲ್ಲಿ 'ಕ್ರಾಪ್ ಮಾಡಿದ್ದು' ಅನ್ನುತ್ತೇವೆ. ಫಲಕದಲ್ಲಿ ಹಾಕಿದರೆ ಕ್ಷೌರದಂಗಡಿ ನೆನಪಾಗುತ್ತದೆ, ಅದೂ ಬೇಡ.

ಯಾಕೆ ಕತ್ತರಿಸುತ್ತಾರೆ ಅಂದರೆ, ಇಂಗ್ಲೆಂಡಿನ ಟ್ಯೂಡರ್ ರಾಜರ ಕಾಲದ ಗೌನು ಬಾಡಿಗೆಗೆ ಸಿಗುತ್ತದೆ, ಟ್ಯೂಡರ್ ಮುಖ ಸಿಗುವುದಿಲ್ಲ. ಮಾಡೆಲ್ ಹುಬ್ಬು ತೀಡಿಸಿಕೊಂಡಿದ್ದರೆ ಸಾಕು, ಹದಿನಾರನೇ ಶತಮಾನ ಅಲ್ಲಿಗೇ ಮುಗಿಯಿತು. ಮುಖ ಇಲ್ಲದಿದ್ದರೆ ಓದುವವರು ತಮಗೆ ಬೇಕಾದ ಮುಖ ಇಟ್ಟುಕೊಳ್ಳುತ್ತಾರೆ. ಫಿಲಿಪಾ ಗ್ರೆಗೊರಿಯ 'ದಿ ಅದರ್ ಬೊಲಿನ್ ಗರ್ಲ್' (2001) ಗೆದ್ದ ಮೇಲೆ ಈ ಗೀಳು ಹಬ್ಬಿತು ಅನ್ನುತ್ತಾರೆ. ಅಲ್ಲಿ ತಲೆ ಇಲ್ಲದ್ದಕ್ಕೆ ಅರ್ಥವಾದರೂ ಇತ್ತು. ಎಂಟನೇ ಹೆನ್ರಿಯ ರಾಣಿ ಆನ್ ಬೊಲಿನ್‌ಳ ತಲೆ 1536ರಲ್ಲಿ ನಿಜಕ್ಕೂ ಹೋಯಿತು. ಆಮೇಲೆ ಬಂದ ನಾಯಕಿಯರೆಲ್ಲ ಏನು ತಪ್ಪು ಮಾಡಿದ್ದರು?

ಇನ್ನೊಂದು ಮಾತು. ಇದನ್ನು 'ಅಮೆರಿಕದ ಶೈಲಿ' ಅಂತ ಬರೆಯಬೇಡಿ. ಎರಡೂ ದಡದಲ್ಲಿ ಇದೆ. ಬ್ರಿಟನ್ನಿನವರು ಬರೀ ಅಕ್ಷರ, ಬಳ್ಳಿ, ಲಾಂಛನ ಇಟ್ಟು ಸುಮ್ಮನಾಗುವುದು ಸ್ವಲ್ಪ ಜಾಸ್ತಿ, ಅಮೆರಿಕದವರಿಗೆ ಮನುಷ್ಯರ ಆಕೃತಿ ಬೇಕು. ಇದು ನನ್ನ ಕಣ್ಣಿನ ಲೆಕ್ಕ, ಯಾರೂ ಅಳೆದು ಹೇಳಿದ್ದಲ್ಲ. ಪ್ಯಾಟ್ರಿಕ್ ಓಬ್ರಿಯನ್‌ನ ಸಮುದ್ರದ ಕಾದಂಬರಿಗಳಿಗೆ ಜೆಫ್ ಹಂಟ್ ಬರೆದ ಹಡಗಿನ ಚಿತ್ರಗಳೇ ಎರಡೂ ದೇಶದಲ್ಲಿ ಓಡಿದವು. ಹಡಗು ಅಟ್ಲಾಂಟಿಕ್ ದಾಟುತ್ತದೆ, ಹೆಂಗಸಿನ ಮುಖ ದಾಟುವುದಿಲ್ಲ. ಚಿತ್ರ ಒಂದೇ ಇಟ್ಟರೂ ಅಳತೆ ಬೇರೆ. ಬ್ರಿಟನ್ನಿನ ಮಾಮೂಲಿ ಪೇಪರ್‌ಬ್ಯಾಕ್ 198×129 ಮಿ.ಮೀ. ಅಮೆರಿಕದ ಸಣ್ಣ ಪೇಪರ್‌ಬ್ಯಾಕ್ ಅದಕ್ಕಿಂತ ಗಿಡ್ಡ, ಕಿರಿದು. ಕತ್ತರಿ ಬೇರೆ ಜಾಗಕ್ಕೆ ಬೀಳುತ್ತದೆ. ಒಂದರಲ್ಲಿ ತುಟಿ ಉಳಿಯುತ್ತದೆ, ಇನ್ನೊಂದರಲ್ಲಿ ಅದೂ ಇಲ್ಲ.

*

ಮರು:

ಆ ಕಾದಂಬರಿಯಲ್ಲಿ ಕಥೆ ಹೇಳುವವಳು ಆನ್ ಅಲ್ಲ, ಸೋದರಿ ಮೇರಿ. ಅವಳ ತಲೆ ಉಳಿಯಿತು.

*

ಮರು:

ಉಪಕಾರವಾಯಿತು. ಪದ ಹೇಳಿ.

*

ಮರು:

ಪದ ಹುಟ್ಟಿಸುವ ಧೈರ್ಯ ಬೇಕು, ಅಷ್ಟೆ. ಇಂಗ್ಲಿಷಿನ 'ಬ್ಲರ್ಬ್' ಎಲ್ಲಿಂದ ಬಂತು? 1907ರಲ್ಲಿ ಜೆಲೆಟ್ ಬರ್ಜೆಸ್ ಅನ್ನುವ ಅಮೆರಿಕದವನು ತನ್ನ ಪುಸ್ತಕದ ಹೊದಿಕೆ ಮೇಲೆ ಮಿಸ್ ಬೆಲಿಂಡಾ ಬ್ಲರ್ಬ್ ಅಂತ ಒಬ್ಬಳನ್ನು ತಮಾಷೆಗೆ ನಿಲ್ಲಿಸಿದ. ಅದೇ ನಿಂತುಹೋಯಿತು. ನಾವು ತಮಾಷೆ ಇಲ್ಲದೆ 'ಬೆನ್ನುಡಿ' ಮಾಡಿಕೊಂಡೆವು, ಅವರದಕ್ಕಿಂತ ಚೆನ್ನಾಗಿದೆ. ಹಾಗೇ ಮುಖಪುಟ, ರಕ್ಷಾಪುಟ ಬಿಟ್ಟು 'ಮೇಲ್ಹೊದಿಕೆ' ಅನ್ನಿ. ರಟ್ಟು ಕೂಡ ಬೇಡ, ಅಚ್ಚಗನ್ನಡದ ಪದ ರಕಾರದಿಂದ ಶುರುವಾಗುವುದಿಲ್ಲ. ಎರವಲು ತಂದು ತಂದು ಮನೆಯಲ್ಲಿ ನಮ್ಮದು ಅನ್ನುವ ಪಾತ್ರೆಯೇ ಉಳಿದಿಲ್ಲ.

*

ಮರು:

ಸರಿ ಸಾರ್, ಎಲ್ಲ ಹೊರಗೆ ಹಾಕೋಣ. ಮೊದಲು 'ಕಾದಂಬರಿ' ಹಾಕೋಣ. ಅದು ಬಾಣಭಟ್ಟನ ನಾಯಕಿಯ ಹೆಸರು. ನಾವೂ ಮರಾಠಿಯವರೂ ಒಂದು ಹುಡುಗಿಯ ಹೆಸರನ್ನು ಒಂದು ಸಾಹಿತ್ಯ ಪ್ರಕಾರಕ್ಕೇ ಇಟ್ಟಿದ್ದೇವೆ. ಆಮೇಲೆ 'ಪುಸ್ತಕ'. ಅದು ಇರಾನಿನ ಕಡೆಯಿಂದ ಸಂಸ್ಕೃತಕ್ಕೆ ಬಂದದ್ದು, ತೊಗಲು ಅನ್ನುವ ಅರ್ಥದ ಪದದಿಂದ ಅಂತ ಪಂಡಿತರ ಅಭಿಪ್ರಾಯ. ಇವೆರಡೂ ಹೋದ ಮೇಲೆ ಮೇಡಂ ಪ್ರದರ್ಶನದಲ್ಲಿ ಏನಿಡುತ್ತಾರೆ?

*

ಮರು:

ತೊಗಲು! ಅಟ್ಟೆಯೂ ತೊಗಲೇ. ನಾನು ಹೇಳಿದ್ದು ಅದನ್ನೇ.

*

ಮರು:

ಹಳೇ ಕವಿ ಆಂಡಯ್ಯ ಸಂಸ್ಕೃತ ಪದ ಬಿಟ್ಟು 'ಕಬ್ಬಿಗರ ಕಾವ' ಬರೆದದ್ದು ಹೀಗೆ ನಗೆಯಾಡಿದವರಿಗಾಗಿಯೇ. ಓದಿ.

*

ಮರು:

ಓದಿದ್ದೇನೆ. ಆಂಡಯ್ಯ ತತ್ಸಮ ಬಿಟ್ಟ, ತದ್ಭವ ಬಿಡಲಿಲ್ಲ. ನೀವೂ ಇನ್ನೊಂದು ಸಲ ಓದಿ.

*

ಮರು:

ಅಕ್ಕಾ, ಇವರ ಜಗಳ ಬೆಳಗಿನ ತನಕ ನಡೆಯುತ್ತದೆ. 'ಮುಖವಿಲ್ಲದ ಮುಖಪುಟ' ಅಂತ ಹಾಕಿಬಿಡಿ. ಓದಿದ ಕೂಡಲೇ ತಿಳಿಯುತ್ತದೆ, ಸ್ವಲ್ಪ ನಗುವೂ ಬರುತ್ತದೆ. 'ಒಂದು ಕಾದಂಬರಿ'ಯಲ್ಲಿ 'ಒಂದು' ಬೇಡ. ನಮ್ಮ ಮುಖಪುಟಗಳಲ್ಲೂ ಹೆಸರಿನ ಕೆಳಗೆ ಕಾದಂಬರಿ ಅಂತ ಹಾಕುವ ರೂಢಿ ಇದ್ದೇ ಇದೆ. ಜಾಕೆಟ್ ಅಂತ ಮಾತ್ರ ಬರೆಯಬೇಡಿ. ಗೌನಿನ ಚಿತ್ರದ ಕೆಳಗೆ ಜಾಕೆಟ್ ಅಂದರೆ ನನ್ನಮ್ಮನಂಥವರು ಕುಪ್ಪಸ ಅಂತಲೇ ಓದುತ್ತಾರೆ.

*

ಮರು:

ಥ್ಯಾಂಕ್ಸ್. 'ಮುಖವಿಲ್ಲದ ಮುಖಪುಟ', 'ಕಾದಂಬರಿ', 'ಮೇಲ್ಹೊದಿಕೆ' ಹಾಕಿ ಕಳಿಸಿದೆ. ರಕ್ಷಾಪುಟ ಹೇಳಿದ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು. ಫಲಕದಲ್ಲಿ ಜಾಗ ಕಡಿಮೆ ಇರಲಿಲ್ಲ, ಆದರೆ ತುಟಿಯವರೆಗೆ ಮಾತ್ರ ಇರುವ ಆ ಹೆಂಗಸರ ಪಕ್ಕದಲ್ಲಿ ರಕ್ಷೆ ಅನ್ನುವ ಪದ ಯಾಕೋ ಕೂರಲಿಲ್ಲ.

*

ಮರು:

ಫಲಕ ಹೋಗಲಿ. ಅಟ್ಟೆ ಬಗ್ಗೆ ತುಳುವಿನಲ್ಲಿ ಏನಿದೆ, ಯಾರಾದರೂ ನೋಡಿ ಹೇಳುತ್ತೀರಾ?