ಹೋಮ್‌ಟೌನ್ ಚಾ ಚಾ ಚಾ: ಊರಿನ ಕಥೆ ಗೆದ್ದಿತು, ನಾಯಕನ ಕಥೆ ಸೋತಿತಾ?

ಕಡಲತಡಿ: ಕೊರಿಯಾದ ಈ ಸೀರಿಯಲ್ ಈಗಷ್ಟೇ ನೋಡಿ ಮುಗಿಸಿದೆ. 2021ರಲ್ಲಿ ಬಂದದ್ದು, 16 ಕಂತು. ನೋಡದವರು ಮುಂದೆ ಓದಬೇಡಿ, ಕೊನೆಯವರೆಗಿನ ಕಥೆ ಇಲ್ಲಿದೆ.

ದಂತವೈದ್ಯೆ ಹೆ ಜಿನ್, ರೋಗಿಗಳಿಗೆ ಬೇಡದ ಚಿಕಿತ್ಸೆ ಹೇರುವ ಸಿಯೋಲ್‌ನ ಕ್ಲಿನಿಕ್ ಬಿಟ್ಟು ಗೋಂಗ್ಜಿನ್ ಅನ್ನುವ ಕಡಲೂರಿಗೆ ಬರುತ್ತಾಳೆ. ಅಲ್ಲಿ ದು ಶಿಕ್ ಸಿಗುತ್ತಾನೆ. ಊರಿನವರ ಯಾವ ಕೆಲಸಕ್ಕೂ ಅವನೇ ಬೇಕು. ಕೂಲಿ ಮಾತ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ದರ, ಗಂಟೆಗೆ 8,720 ವೋನ್. 10ನೇ ಕಂತಿನ ಕೊನೆಯಲ್ಲಿ ಇಬ್ಬರೂ ಪ್ರೀತಿ ಒಪ್ಪಿಕೊಳ್ಳುವವರೆಗೆ ನನಗೆ ಒಂದೇ ಒಂದು ದೂರಿಲ್ಲ.

ಆಮೇಲೆ ಬೇಜಾರಾಯಿತು. ಊರಿಗೆ ಮರಳುವ ಮೊದಲು ದು ಶಿಕ್ ಐದು ವರ್ಷ ಎಲ್ಲಿದ್ದ ಅನ್ನುವ ಗುಟ್ಟನ್ನು ಶುರುವಿನಿಂದ ಎಳೆದು ಎಳೆದು 15ನೇ ಕಂತಿನಲ್ಲಿ ಬಿಚ್ಚುತ್ತಾರೆ. ಅವನು ಹೂಡಿಕೆ ಕಂಪನಿಯಲ್ಲಿದ್ದ. ಅಲ್ಲಿನ ಕಾವಲುಗಾರ ಹಣ ಕಳೆದುಕೊಂಡು ಸಾಯಲು ಹೊರಟ. ಅಣ್ಣನಂತಿದ್ದ ಗೆಳೆಯ ಅಪಘಾತದಲ್ಲಿ ತೀರಿಕೊಂಡ. ಇಷ್ಟು ದೊಡ್ಡ ನೋವನ್ನು ಒಂದೇ ಕಂತಿನಲ್ಲಿ ತುರುಕಿದ್ದು ಸರಿಯಾ?

ಸಂಜೆ ಕಾಫಿ: ನೀವು ಸೇತುವೆಯ ದೃಶ್ಯ ಬಿಟ್ಟಿರಿ. ದು ಶಿಕ್ ಬದುಕು ಮುಗಿಸಲು ನಿಂತಾಗ ಗಮ್ ರಿ ಅಜ್ಜಿಯ ಮೆಸೇಜ್ ಬರುತ್ತದೆ. ಅದೇ ಅವನನ್ನು ಊರಿಗೆ ಎಳೆದು ತರುತ್ತದೆ. ಅಲ್ಲಿವರೆಗೆ ನಾವು ನೋಡಿದ ಪ್ಲಂಬಿಂಗ್, ಅಂಗಡಿ ಕೆಲಸ, ಅಜ್ಜಿಯರ ಹಿಂದೆ ಓಡಾಟ, ಎಲ್ಲವೂ ಅವನು ಊರಿಗೆ ತೀರಿಸುತ್ತಿದ್ದ ಋಣ. ಮೊದಲೇ ಹೇಳಿದ್ದರೆ ನಾವು ಅವನನ್ನು ಬರೀ ಅಯ್ಯೋ ಪಾಪ ಅಂತ ನೋಡುತ್ತಿದ್ದೆವು.

ಕಡಲತಡಿ: ಒಪ್ಪುತ್ತೇನೆ, ಆ ದೃಶ್ಯ ಚೆನ್ನಾಗಿದೆ. ಆದರೆ ಅದೇ ಕಂತಿನ ಕೊನೆಯಲ್ಲಿ ಅಜ್ಜಿಯೂ ತೀರಿಕೊಳ್ಳುತ್ತಾರಲ್ಲ! ಉಳಿದಿರುವುದು ಒಂದೇ ಕಂತು. ಅದರಲ್ಲೇ ದುಃಖ, ಅಜ್ಜಿಯ ಪತ್ರ, ಮದುವೆಯ ಪ್ರಸ್ತಾಪ, ಊರಿನವರ ಜೊತೆ ಫೋಟೋ. ಪತ್ರ ಓದಿ ಅವನು ಅಳುವಾಗ ನಾನೂ ಅತ್ತೆ. ಆ ಅಳು ಆರುವ ಮೊದಲೇ ನಗಿಸಲು ಶುರು ಮಾಡಿದರು.

ಮಲೆನಾಡ ಮಳೆ: ನನ್ನ ತಕರಾರು ಬೇರೆ. ಆರಂಭದ ಕಂತುಗಳಲ್ಲಿ ದು ಶಿಕ್ ಹೆ ಜಿನ್‌ಗೆ ಪಾಠ ಹೇಳುವುದು ಜಾಸ್ತಿಯಾಯಿತು. ಮೈಕ್ ಆನ್ ಇರುವುದು ಗೊತ್ತಿಲ್ಲದೆ ಅವಳು ಊರಿನವರನ್ನು ಬೈದದ್ದು ತಪ್ಪು, ಸರಿ. ಆದರೆ ಅವಳೂ ಚಿಕ್ಕವಳಿದ್ದಾಗ ತಾಯಿಯನ್ನು ಕಳೆದುಕೊಂಡವಳು, ಕಷ್ಟಪಟ್ಟು ಓದಿದವಳು. ಬದಲಾಗುವ ಹೊಣೆಯೆಲ್ಲ ಪಟ್ಟಣದ ಹುಡುಗಿಯದೇ ಯಾಕೆ? ಯಾರ ಮನೆಯಲ್ಲಿ ಏನಾಯಿತು ಅಂತ ಇಡೀ ಊರೇ ಮಾತಾಡುತ್ತದೆ. ಅದನ್ನು ಮಾತ್ರ ಪ್ರೀತಿ ಅಂತ ತೋರಿಸುತ್ತಾರೆ.

ಸಂಜೆ ಕಾಫಿ: ಊರೂ ಬದಲಾಗುತ್ತದೆ ಅಲ್ವಾ? ಅಜ್ಜಿಯ ಹಲ್ಲಿನ ವಿಷಯ ನೋಡಿ. ಈ ವಯಸ್ಸಿಗೆ ಯಾಕೆ ಖರ್ಚು ಅಂತ ಇಂಪ್ಲಾಂಟ್ ಬೇಡ ಅನ್ನುತ್ತಿದ್ದವರು ಕೊನೆಗೆ ಹೆ ಜಿನ್ ಮಾತು ಕೇಳುತ್ತಾರೆ. ಅಲ್ಲಿ ಗೆದ್ದದ್ದು ಅವಳ ಹಟ.

ಮಲೆನಾಡ ಮಳೆ: ಹೌದು, ಆ ಭಾಗ ನನಗೂ ಇಷ್ಟ. ಕಿಮ್ ಯಂಗ್ ಓಕ್ ಅವರಂಥ ಹಿರಿಯ ನಟಿಗೆ ಇಷ್ಟು ತೂಕದ ಪಾತ್ರ ಕೊಟ್ಟದ್ದಕ್ಕೆ ಬರಹಗಾರ್ತಿ ಶಿನ್ ಹಾ ಉನ್ ಅವರನ್ನು ಮೆಚ್ಚಲೇಬೇಕು. ಪ್ರೇಮಕಥೆಗಳಲ್ಲಿ ಅಜ್ಜಿಯರು ಸಾಮಾನ್ಯವಾಗಿ ಬೈಯಲು ಇಲ್ಲವೇ ಆಶೀರ್ವಾದ ಮಾಡಲು ಬರುತ್ತಾರೆ. ಈ ಅಜ್ಜಿಗೆ ತನ್ನದೇ ಒಂಟಿತನ ಇದೆ, ತನ್ನದೇ ಗೆಳತಿಯರಿದ್ದಾರೆ.

ರಾತ್ರಿ ಪಾಳಿ: ಇದಕ್ಕೆ ಮೂಲ 2004ರ ಒಂದು ಕೊರಿಯನ್ ಸಿನಿಮಾ. ಒಂದು ಸಿನಿಮಾದ ಕಥೆಯನ್ನು 16 ಕಂತಿಗೆ ಹಿಗ್ಗಿಸಬೇಕಾದರೆ ಪಕ್ಕದ ಕಥೆಗಳು ಬೇಕೇ ಬೇಕು. ವಿಚ್ಛೇದನವಾದರೂ ಒಂದೇ ಊರಿನಲ್ಲಿರುವ ಹ್ವಾ ಜಂಗ್ ಮತ್ತು ಯಂಗ್ ಗುಕ್ ಕಥೆ ನನಗೆ ನಾಯಕ ನಾಯಕಿಗಿಂತ ಹೆಚ್ಚು ತಟ್ಟಿತು. ಅದೇ ಹ್ವಾ ಜಂಗ್ ಮೇಲೆ ಮನಸ್ಸಿಟ್ಟ ಟೀಚರ್ ಚೋ ಹಿ ಅವರ ಕಥೆಯನ್ನು ಮಾತ್ರ ಹೇಳಿಯೂ ಹೇಳದ ಹಾಗೆ ಬಿಟ್ಟರು. ಇನ್ನೆರಡು ದೃಶ್ಯ ಕೊಡಬಹುದಿತ್ತು.

ಕಡಲತಡಿ: ಆ ಎರಡು ದೃಶ್ಯಕ್ಕೆ ಜಾಗ ಎಲ್ಲಿತ್ತು ಅಂತ ನಾನು ಹೇಳುತ್ತೇನೆ. ಟಿವಿ ನಿರ್ದೇಶಕ ಜಿ ಸಂಗ್ ಹ್ಯುನ್ ಇದ್ದಾನಲ್ಲ, ಹೆ ಜಿನ್ ಅವನಿಗೆ ಒಲಿಯುವುದಿಲ್ಲ ಅಂತ ನಮಗೆಲ್ಲ ಮೊದಲೇ ಗೊತ್ತು. ಆ ತ್ರಿಕೋನ ಅಷ್ಟು ಹೊತ್ತು ಬೇಕಿರಲಿಲ್ಲ.

ರಾತ್ರಿ ಪಾಳಿ: ಅವನು ಕೆಟ್ಟವನಲ್ಲ ಅನ್ನುವುದೇ ದೊಡ್ಡ ಸಮಾಧಾನ. ಯಾರನ್ನೂ ಕೆಳಗೆ ತಳ್ಳದೆ ಸೋಲುತ್ತಾನೆ. ಅವನನ್ನು ತೆಗೆದರೆ ಅವನ ಸಹಾಯಕ ದೋ ಹಾ ಊರಿಗೆ ಬರುವುದೇ ಇಲ್ಲ. ಆ ಕಾವಲುಗಾರನ ಮಗ ದೋ ಹಾ ತಾನೆ!

ಕಡಲತಡಿ: ಅದೇ ನನ್ನ ಕೊರಗು. ದೋ ಹಾ ಮೊದಲಿನಿಂದ ಇದ್ದಾನೆ, 14ನೇ ಕಂತಿನ ಕೊನೆಯಲ್ಲಿ ದು ಶಿಕ್‌ಗೆ ಹೊಡೆಯುವವರೆಗೆ ಅವನ ಮನೆಯ ಕಷ್ಟ ನಮಗೆ ಕಾಣುವುದಿಲ್ಲ. ದು ಶಿಕ್ ಆ ಮನೆಗೆ ಹಣದ ನೆರವು ಕೊಟ್ಟಿದ್ದ ಅಂತ ತಿಳಿದ ಮೇಲೆ ಕೋಪ ಬೇಗ ಇಳಿಯುತ್ತದೆ. ಕಷ್ಟಪಟ್ಟ ಆ ಕುಟುಂಬ ಇಲ್ಲಿ ನಾಯಕನ ಪಶ್ಚಾತ್ತಾಪ ತೋರಿಸಲಷ್ಟೇ ಇದೆ.

ಪೇಟೆಬೀದಿ: ಇನ್ನೊಂದು ವಿಷಯ. ಶೂಟಿಂಗ್ ಆದದ್ದು ಪೋಹಾಂಗ್‌ನಲ್ಲಿ, ಮಾರುಕಟ್ಟೆ ದೃಶ್ಯಗಳು ಚೊಂಗ್ಹಾದಲ್ಲಿ. ಜನ ಮುಗಿಬಿದ್ದು, ಶೂಟಿಂಗ್‌ಗೆ ಕೊಟ್ಟ ಮನೆಗಳವರಿಗೆ ತೊಂದರೆಯಾಯಿತು. ಅವು ಜನ ವಾಸಿಸುವ ಮನೆಗಳು, ಹೋಗಬೇಡಿ ಅಂತ ತಯಾರಕರೇ ಕೇಳಿಕೊಳ್ಳಬೇಕಾಯಿತು. ಹಳ್ಳಿಯನ್ನು ಇಷ್ಟು ಚೆಂದ ತೋರಿಸುವಾಗ ಆ ಹೊಣೆಯೂ ಮೊದಲೇ ಬೇಕಿತ್ತು.

ಸಂಜೆ ಕಾಫಿ: ಅದು ನ್ಯಾಯವಾದ ಮಾತು. ಕಡಲತಡಿ ಅವರೇ, ದೋ ಹಾ ಬಗ್ಗೆಯೂ ನಿಮ್ಮ ಮಾತು ಒಪ್ಪಿದೆ. ಗುಟ್ಟನ್ನು 12ನೇ ಕಂತಿಗೇ ಬಿಚ್ಚಿ, ಕ್ಷಮೆಗೆ ಸಮಯ ಕೊಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸೇತುವೆಯ ದೃಶ್ಯವನ್ನು 15ರಿಂದ ಕದಲಿಸಲು ನಾನು ಬಿಡುವುದಿಲ್ಲ.