ಮಿಸ್ತ್ರಿ ಅವರಿಗೆ ಪ್ರಶ್ನೆ: ಎಂಟಿಬಿ ಸೈಕಲ್ ಮ್ಯಾಲ ಬೀದರ್‌ಗೆ ಹೋಗ್ಲಿಕ್ಕೆ ಯಾವ ಟೈರ್?

ಪ್ರಶ್ನೆ, ಕಲಬುರಗಿಯಿಂದ: ಮಿಸ್ತ್ರಿ ಅಣ್ಣಾರ, ನಮಸ್ಕಾರ್ರಿ. ಸಂಕ್ರಾಂತಿ ಆದ್ಮ್ಯಾಲ ನಾವು ನಾಲ್ಕು ಮಂದಿ ಕಮಲಾಪುರ, ಹುಮನಾಬಾದ್ ಮ್ಯಾಲಿಂದ ಬೀದರ್‌ಗೆ ಸೈಕಲ್ ಮ್ಯಾಲ ಹೋಗ್ಬೇಕಂತ ಮಾಡೀವಿ. ನೂರಾ ಹತ್ತು ಕಿ.ಮೀ. ಆಸುಪಾಸು ಆಗ್ತದ. ನಂದು 29 ಇಂಚಿನ ಎಂಟಿಬಿ, ಅಂದ್ರ ಗುಡ್ಡಗಾಡಿನ ಸೈಕಲ್, 2.25 ಇಂಚು ಅಗಲದ ಹಲ್ಲಿನ ಟೈರ್ ಅವ. ಡಾಂಬರ್ ಮ್ಯಾಲ ಗುರ್ ಅಂತ ಸಪ್ಪಳ ಮಾಡ್ತದ, ಎಷ್ಟು ತುಳದ್ರೂ ಮುಂದ ಸಾಗಲ್ಲ. ಗೆಳೆಯ ಒಬ್ಬಾವ 700x25ರ, ಅಂದ್ರ 25 ಮಿ.ಮೀ. ಅಗಲದ, ಸಣ್ಣ ಟೈರ್ ಹಾಕ್ಸು ಅಂತಾನ. ಹಾಕ್ಸಲೇನ್ರಿ?

ಮಿಸ್ತ್ರಿ: ಹಾಕ್ಸಬ್ಯಾಡ್ರಿ. ಅದು ನಿಮ್ಮ ರಿಮ್ಮಿಗೆ ಕೂಡ್ತದ, ತಾಪತ್ರಯ ಇರೋದೇ ಅಲ್ಲಿ. 29 ಅಂದ್ರೂ 700 ಅಂದ್ರೂ ಟೈರಿನ ಅಂಚು ಕೂಡೋ ಅಳತಿ ಒಂದೇ, 622 ಮಿ.ಮೀ. ಆದ್ರ ಎಂಟಿಬಿ ರಿಮ್ಮಿನ ಒಳ ಅಗಲ ಹೆಚ್ಚಾಗಿ 21ರಿಂದ 25 ಮಿ.ಮೀ., ಕೆಲವು ಅದಕ್ಕಿಂತ ದೊಡ್ಡವೂ ಇರ್ತಾವ. ಅದರ ಮ್ಯಾಲ 25ರ ಟೈರ್ ಗುಂಡಗ ನಿಲ್ಲಲ್ಲ, ಚಪ್ಪಟಿ ಆಗಿ ರಿಮ್ಮಿನ ಅಂಚು ಹೊರಗ ಕಾಣ್ತದ. ಒಂದು ತಗ್ಗಿನಾಗ ಬಿತ್ತಂದ್ರ ರಿಮ್ ನೇರ ಹೋಗಿ ರೋಡಿಗೆ ಬಡೀತದ, ಟ್ಯೂಬಿಗೆ ಬಾಜೂ ಬಾಜೂ ಎರಡು ತೂತು ಬೀಳ್ತಾವ.

ನಿಮ್ಮನ್ನ ಹಿಂದಕ್ಕ ಜಗ್ಗಲಿಕತ್ತಿದ್ದು ಟೈರಿನ ಅಗಲ ಅಲ್ಲರಿ, ಅದರ ಹಲ್ಲು. ಇದನ್ನ ನಾ ಅಂಗಡಿಗೆ ಬಂದವರಿಗೆಲ್ಲ ಹೇಳ್ತೀನಿ. ಗಟ್ಟಿ ಡಾಂಬರ್ ಮ್ಯಾಲ ಒಂದೊಂದು ಹಲ್ಲೂ ಬಾಗ್ತದ, ಮತ್ತ ಎದ್ದು ನಿಲ್ತದ. ಆ ಬಾಗೋದು ಏಳೋದ್ರಾಗ ನಿಮ್ಮ ಕಾಲಿನ ಶಕ್ತಿ ರಬ್ಬರಿನ ಬಿಸಿ ಆಗಿ ಹೋಗಿಬಿಡ್ತದ. ಆ ಗುರ್ ಸಪ್ಪಳನೂ ಅದರದೇ. ನುಣ್ಣನ ಟೈರ್ ಇದ್ದು ಹವಾ ಅಷ್ಟೇ ಇದ್ರ ಅಗಲ ಟೈರ್ ಏನೂ ಹಿಂದ ಬೀಳಲ್ಲ. ಅದು ನೆಲಕ್ಕ ಉದ್ದ ಕಮ್ಮಿ, ಅಗಲ ಹೆಚ್ಚು ತಾಕ್ತದ, ಹಿಂಗಾಗಿ ಬಾಗೋದು ಕಮ್ಮಿ. ಅದಕ್ಕೂ ಹೆಚ್ಚಿಂದು, ನಮ್ಮ ಕಡಿ ರೋಡು ಎಲ್ಲಾ ಕಡಿ ಒಂದೇ ಸಮ ಇಲ್ಲ. ಸಣ್ಣ ಟೈರಿಗೆ ಕಲ್ಲಿನಂಗ ಹವಾ ತುಂಬಿದ್ರ ಸೈಕಲ್ ಪುಟೀತದ, ಪುಟಿದಾಗೆಲ್ಲ ನಿಮ್ಮ ಭಾರ ಮ್ಯಾಲ ಎತ್ತೋದು ನಿಮ್ಮ ಕಾಲೇ. ಹುಮನಾಬಾದ್ ಮುಟ್ಟೋದ್ರಾಗ ಅಂಗೈ, ಹೆಗಲು ಸಾಕು ಅಂತಾವ.

ಹಂಗಾಗಿ 700x38ರಿಂದ 42ರ ಒಳಗ ತಗೋರಿ. 29x1.6 ಸಿಕ್ರೂ ನಡೀತದ. ನಟ್ಟನಡು ನುಣ್ಣಗಿರ್ಲಿ, ಒಳಗ ಪಂಚರ್ ತಡಿಯೋ ಪದರ ಇರ್ಲಿ. ಶ್ವಾಲ್ಬೆ ಮ್ಯಾರಥಾನ್ ಅನ್ನೋ ಟೈರಿನ ಒಳಗ 3 ಮಿ.ಮೀ. ದಪ್ಪ ರಬ್ಬರಿನ ಪದರ ಇರ್ತದ. ಭಾರ ಹೆಚ್ಚು, ರೊಕ್ಕನೂ ಹೆಚ್ಚು, ಆದ್ರ ಜಾಲಿ ಮುಳ್ಳಿನ ನಾಡಿನಾಗ ಆ ಭಾರ ಹೊರೋದು ಲುಕ್ಸಾನಲ್ಲ. ನಿಮ್ಮ ತೂಕ 70 ಕೆ.ಜಿ. ಅಂದ್ರ 40ರ ಟೈರಿಗೆ ಹಿಂದ 50, ಮುಂದ 45 ಪಿಎಸ್‌ಐನಿಂದ (ಹವಾದ ಒತ್ತಡದ ಅಳತಿ) ಶುರು ಮಾಡ್ರಿ. ಟೈರಿನ ಬಾಜೂಕ ಬರೆದ ಹೆಚ್ಚಿನ ಅಂಕಿ ದಾಟಬ್ಯಾಡ್ರಿ. ಮುಂದಿನ ಫೋರ್ಕಿನ ಶಾಕ್ ಕುಣಿಯದಂಗ ಮಾಡೋ ಲಾಕ್ ಇದ್ರ ಏರಿನಾಗ ಹಾಕ್ಕೋರಿ, ಬೀದರ್ ನಮ್ಮೂರಿಗಿಂತ ಎತ್ತರದಾಗ ಅದ.

ಪ್ರಶ್ನೆ, ಯಾದಗಿರಿಯಿಂದ: ಸರ್, ನಂದು ಹಳೇ 26ರ ಎಂಟಿಬಿ. ಇಲ್ಲಿ ಅಂಗಡ್ಯಾಗ 26 ಅಂತ ಕೇಳಿ ತಂದ ಟೈರ್ ರಿಮ್ಮಿಗೆ ಕೂಡವಲ್ದು.

ಮಿಸ್ತ್ರಿ: ಅಂಕಿ ಸರಿ ಓದ್ರಿ ತಮ್ಮಾ. ಎಂಟಿಬಿ 26 ದಶಮಾಂಶದಾಗ ಬರೀತಾರ: 26x1.5, 26x1.95. ಭಿನ್ನರಾಶಿ ಬರೆದಿದ್ರ, ಅಂದ್ರ 26x1 3/8 ಇದ್ರ, ಅದು ಬ್ಯಾರೆ ಸೈಕಲ್ಲಿಂದು. 1.5 ಮತ್ತು 1 1/2 ಲೆಕ್ಕಕ್ಕ ಒಂದೇ, ಟೈರಿನಾಗ ಒಂದೇ ಅಲ್ಲ! ಬಾಜೂಕ ಸಣ್ಣ ಅಕ್ಷರದಾಗ 40-559 ಅಂತ ಇರ್ತದ ನೋಡ್ರಿ. ಮೊದಲಿನದು ಅಗಲ, ಎರಡನೇದು ಅಂಚಿನ ಅಡ್ಡಳತಿ. ಎಂಟಿಬಿ 26ಕ್ಕ 559, 27.5ಕ್ಕ 584, 29ಕ್ಕ 622. 26x1 3/8 ಅಂದ್ರ 590. ಆ ಎರಡನೇ ಅಂಕಿ ನಿಮ್ಮ ಹಳೇ ಟೈರಿನ ಅಂಕಿಗೆ ಕೂಡಿದ್ರಷ್ಟೇ ತರ್ರಿ, ಇಲ್ಲಂದ್ರ ತಿರುಗಿ ಕೊಟ್ಟುಬರ್ರಿ.

ಪ್ರಶ್ನೆ, ಶಹಾಬಾದ್‌ನಿಂದ: ಅಣ್ಣಾ, ನಾನು ಕಾಲೇಜ್ ಓದಾಕಿ. ಎರಡೂ ಟೈರ್ ತಗೊಳ್ಳೋವಷ್ಟು ರೊಕ್ಕ ಇಲ್ಲ. ಒಂದೇ ಬದಲಿ ಮಾಡಿದ್ರ? ಮತ್ತ ನುಣ್ಣನ ಟೈರ್ ಮಳ್ಯಾಗ ಜಾರಲ್ಲೇನು?

ಮಿಸ್ತ್ರಿ: ಹಿಂದಿಂದು ಬದಲಿ ಮಾಡವ್ವಾ. ಭಾರ ಹೆಚ್ಚಿಗಿ ಬೀಳೋದು ಅದರ ಮ್ಯಾಲೇ, ಹಿಂಗಾಗಿ ಲಾಭನೂ ಅಲ್ಲೇ ಹೆಚ್ಚು. ಮುಂದ ಹಳೇದೇ ಇರ್ಲಿ, ಹವಾ ಸ್ವಲ್ಪ ಜಾಸ್ತಿ ಹಾಕು. ಡಾಂಬರ್ ಮ್ಯಾಲ ಮಳಿ ಬಂದ್ರೂ ನುಣ್ಣನ ಟೈರ್ ಚಲೋನೇ ಹಿಡೀತದ. ನೀರಿನ ಮ್ಯಾಲ ತೇಲಿ ಜಾರೋದು ಕಾರಿನ ಮಾತು, ಸೈಕಲ್ ಅಷ್ಟು ಜೋರು ಓಡಲ್ಲ. ಬಿಳಿ ಪಟ್ಟಿ ಮ್ಯಾಲ, ಚೆಲ್ಲಿದ ಆಯಿಲ್ ಮ್ಯಾಲ ಹುಷಾರ್ ಇರು. ಹಸಿ ಎರಿ ಮಣ್ಣಿನಾಗ ಮಾತ್ರ ಇಳೀಬ್ಯಾಡ, ಅಲ್ಲಿ ಹಲ್ಲಿನ ಟೈರೂ ಮಣ್ಣು ತುಂಬ್ಕೊಂಡು ನಿಂತುಬಿಡ್ತದ.

ಪ್ರಶ್ನೆ, ಸೇಡಂನಿಂದ: ನಮ್ಮ ರೋಡಿಗೆ ಸಿಮೆಂಟ್ ಲಾರಿ ಭಾಳ. ಮುಳ್ಳೂ ಕಾಣಲ್ಲ, ಮೊಳೆನೂ ಕಾಣಲ್ಲ, ಪಂಚರ್ ಮಾತ್ರ ತಪ್ಪವಲ್ದು. ತಿದ್ದಿದ ಮರುದಿನನೇ ಮತ್ತ ಹವಾ ಇಳೀತದ.

ಮಿಸ್ತ್ರಿ: ತಂತಿ ಇರ್ಬೇಕು ನೋಡ್ರಿ. ಲಾರಿ ಟೈರ್ ಒಡೆದು ಚೂರಾದಾಗ ಅದರೊಳಗಿನ ಉಕ್ಕಿನ ತಂತಿ ರೋಡಿನ ಅಂಚಿಗೆ ಬಂದು ಬೀಳ್ತಾವ. ಕೂದಲಿನಷ್ಟು ಸಣ್ಣವು. ಟೈರಿನಾಗ ಹೊಕ್ಕು ಅಲ್ಲೇ ಕೂತು ಹೊಸ ಟ್ಯೂಬಿಗೂ ಚುಚ್ಚತಾವ. ಟ್ಯೂಬ್ ತಿದ್ದಿದ್ರಷ್ಟೇ ಸಾಲಲ್ಲ. ಟೈರ್ ಬಿಚ್ಚಿ ಒಳಗೆಲ್ಲ ಅರಳಿ ಎಳೀರಿ. ತಂತಿ ಇದ್ದಲ್ಲಿ ಅರಳಿ ಎಳಿ ಸಿಗೇ ಬೀಳ್ತದ, ಬೆರಳಿಗೂ ಗಾಯ ಆಗಲ್ಲ. ಇಕ್ಕಳದಿಂದ ಜಗ್ಗಿ ತೆಗೀರಿ. ಓಡಿಸೋವಾಗ ರೋಡಿನ ತೀರಾ ಅಂಚಿಗೆ ಹೋಗಬ್ಯಾಡ್ರಿ, ಲಾರಿ ಗಾಳಿಗೆ ಕಸ ಎಲ್ಲಾ ಅಲ್ಲೇ ಬಂದು ಕೂಡ್ತದ.

ಪ್ರಶ್ನೆ, ಅದೇ ಊರಿಂದ: ಬ್ಯಾಸಿಗಿ ಬಿಸಿಲಿಗೆ ಟೈರ್ ಒಡೀತದ ಅಂತಾರ, ಖರೇ ಏನ್ರಿ?

ಮಿಸ್ತ್ರಿ: ಬರೇ ಬಿಸಿಲಿಗೆ ಒಡೆಯಲ್ಲ. ನಸುಕಿನಾಗ 25 ಡಿಗ್ರಿ ಇದ್ದಾಗ 50 ಪಿಎಸ್‌ಐ ತುಂಬಿದ್ರ, ಟೈರ್ 50 ಡಿಗ್ರಿಗೆ ಕಾದ್ರೂ ಹವಾ ಏರೋದು 5 ಪಿಎಸ್‌ಐ ಅಷ್ಟೇ. ಬಾಜೂಕ ಬಿರುಕು ಬಿಟ್ಟ ಹಳೇ ಟೈರ್ ಇದ್ರ, ಇಲ್ಲಾ ರಿಮ್ಮಿನ ಅಂಚಿಗೆ ಟ್ಯೂಬ್ ಸಿಕ್ಕಿದ್ರ ಒಡೀತದ. ಪೆಟ್ರೋಲ್ ಬಂಕಿನಾಗ ಹವಾ ಹಾಕ್ಸೋವಾಗ ಕಣ್ಣು ಮೀಟರ್ ಮ್ಯಾಲ ಇರ್ಲಿ, ಕಂಪ್ರೆಸರ್ ಸೈಕಲ್ ಟ್ಯೂಬ್ ಕಣ್ಣು ಮುಚ್ಚಿ ತೆಗೆಯೋದ್ರಾಗ ತುಂಬಿಸಿಬಿಡ್ತದ.

ಮೊದಲು ಕೇಳಿದವರು: ಅಣ್ಣಾರ, 700x40 ಸಿಕ್ಕಾವ. ಟ್ಯೂಬ್ ಹಳೇದೇ ನಡೀತದೇನ್ರಿ?

ಮಿಸ್ತ್ರಿ: ನಡೆಯಲ್ಲ. 2.25ರ ಟ್ಯೂಬ್ ಒಳಗ ಮಡಚಿ ಕೂಡ್ತದ, ಮಡಚಿದಲ್ಲೇ ಸವೆದು ಹರೀತದ. 40 ಬರೋ ಅಳತಿದು, 700x35-43 ಅಂತ ಬರೆದಿದ್ದು, ಮೂರು ತರ್ರಿ, ಒಂದು ಜೋಡಿಗಿರ್ಲಿ. ವಾಲ್ವ್ ನಿಮ್ಮ ರಿಮ್ಮಿನ ತೂತಿಗೂ ಪಂಪಿಗೂ ಕೂಡೋದೇ ಇರ್ಬೇಕು. ಟೈರ್ ಮ್ಯಾಲ ಬಾಣದ ಗುರುತು ಇರ್ತದ, ಅದು ಮುಂದಕ್ಕ ತಿರುಗೋ ದಿಕ್ಕಿಗೆ ಇರ್ಲಿ. ಹೊಂಡೋ ಮುಂಚಿನ ವಾರದಾಗ ಕಮಲಾಪುರ ತನಕ ಹೋಗಿ ಬಂದು ನೋಡ್ರಿ, ಅಲ್ಲಿ ಕೆಂಪು ಬಾಳೆಹಣ್ಣೂ ತಿಂದಂಗ ಆಗ್ತದ. ಇನ್ನೊಂದು, ಚಕ್ರದ ಸುತ್ತಳತಿ ಹತ್ತು ಸೆಂ.ಮೀ. ಹತ್ರ ಕಮ್ಮಿ ಆಗ್ತದ. ಸೈಕಲ್ ಮೀಟರಿನಾಗ ಹಳೇ ಅಂಕಿನೇ ಬಿಟ್ರ ಬೀದರ್ ಮುಟ್ಟೋದ್ರಾಗ ಅದು 5 ಕಿ.ಮೀ. ಜಾಸ್ತಿ ತೋರಸ್ತದ. ಹವಾ ತುಂಬಿ, ನೀವು ಮ್ಯಾಲ ಕೂತು, ಒಂದು ಸುತ್ತು ಉರುಳಿಸಿ ನೆಲದ ಮ್ಯಾಲ ಟೇಪ್ ಹಿಡಿದು ಅಳೀರಿ. ಆ ಅಂಕಿ ಮೀಟರಿಗೆ ಹಾಕ್ರಿ.