ದತ್ತಣ್ಣ ಅವರ ಯಾವ ಸಿನಿಮಾದಿಂದ ಶುರು ಮಾಡಲಿ?

ಕೇಳಿದವರು: ‘ಮಿಷನ್ ಮಂಗಲ್’ ನೋಡುವಾಗ ಅಮ್ಮ ಟಿವಿ ಹತ್ತಿರ ಹೋಗಿ, "ಅಯ್ಯೋ, ಇವರು ನಮ್ಮ ದತ್ತಣ್ಣ ಅಲ್ವಾ!" ಅಂದರು. ಅಕ್ಷಯ್ ಕುಮಾರ್ ಬಂದಾಗ ತಲೆ ಎತ್ತದವರು! ನಾನು ಅವರನ್ನು ‘ನೀರ್ ದೋಸೆ’ಯಲ್ಲಿ ಮಾತ್ರ ನೋಡಿದ್ದೇನೆ. ಹಳೆಯದು ಯಾವುದು ನೋಡಲಿ?

ಉತ್ತರ 1: ‘ಮುನ್ನುಡಿ’ (2000). ಪಿ. ಶೇಷಾದ್ರಿ ನಿರ್ದೇಶನ. ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂದಿದ್ದು ಇದಕ್ಕೇ. ಆಮೇಲೆ ‘ಮೌನಿ’ ನೋಡಿ, ಅನಂತ್ ನಾಗ್ ಎದುರಿಗೆ ಇವರು. ಇಬ್ಬರಲ್ಲಿ ಯಾರನ್ನು ನೋಡೋದು ಅಂತ ಗೊತ್ತಾಗಲ್ಲ.

ಉತ್ತರ 2: ನನ್ನ ಓಟು ‘ಭಾರತ್ ಸ್ಟೋರ್ಸ್’ಗೆ. ದೊಡ್ಡ ಮಾಲುಗಳು ಬಂದು ದಿನಸಿ ಅಂಗಡಿ ಮುಳುಗುವ ಕಥೆ. ಗೋವಿಂದ ಶೆಟ್ಟಿ ಪಾತ್ರ. ನಮ್ಮಪ್ಪನದೂ ದಿನಸಿ ಅಂಗಡಿ, ಅದಕ್ಕೆ ಹೇಳ್ತಿದ್ದೇನೆ. ಸಾಲದ ಗಿರಾಕಿಯನ್ನು ಬೈಯಲೂ ಆಗದೆ, ಬಿಡಲೂ ಆಗದೆ ಒಂದು ಮುಖ ಮಾಡ್ತಾರಲ್ಲ ಅಂಗಡಿಯವರು, ಆ ಮುಖಕ್ಕೆ ಹೇಳಿ ಮಾಡಿಸಿದ ನಟ. ಇದಕ್ಕೂ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು.

ಉತ್ತರ 3: ಚಿತ್ರದುರ್ಗದವರು. ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು, ಆಮೇಲೆ ಎಚ್‌ಎಎಲ್. ಜೊತೆಗೇ ನಾಟಕದ ಹುಚ್ಚು. ಸಿನಿಮಾಕ್ಕೆ ಬಂದಾಗ ನಲವತ್ತು ದಾಟಿತ್ತು. ಹೀರೋ ಆಗುವ ತಲೆನೋವೇ ಇಲ್ಲ ನೋಡಿ! ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಧಾರಾವಾಹಿ ನೋಡದೆ ಬಿಟ್ಟವರು ಯಾರಿದ್ದಾರೆ? ನಮ್ಮಂಥವರಿಗೆ ಅವರು ಮನೆಯವರಾಗಿದ್ದು ಅದರಿಂದಲೇ.

ಕೇಳಿದವರು: ಅಮ್ಮ ‘ಮಾಯಾಮೃಗ’ ಅಂದಿದ್ದೇ ತಡ, ಟೈಟಲ್ ಹಾಡು ಶುರು ಮಾಡಿದರು. ಭಾನುವಾರ ‘ಭಾರತ್ ಸ್ಟೋರ್ಸ್’ ಹಾಕ್ತೇನೆ.